ಬಸುರಿನಲ್ಲಿ ಬಿಟ್ಟುಹೋದ ನೋವು

ಆ ಹುಡುಗಿ ನನ್ನ ಆರೋಗ್ಯ ಉಪಕೇಂದ್ರದ ಮೆಟ್ಟಿಲು ಮೊದಲ ಸಲ ಹತ್ತಿದ್ದು ಪಕ್ಕಕ್ಕೆ ತಿರುಗಿಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ. ಇದ್ದದ್ದು ಮೂರೇ ಮೆಟ್ಟಿಲು. ಇಪ್ಪತ್ತಮೂರು ವರ್ಷದವಳು ಹೀಗೆ ಹತ್ತುವುದನ್ನು ನೋಡಿ ಕಾಲಿಗೆ ಏಟಾಗಿರಬೇಕು ಅಂದುಕೊಂಡೆ. ತಾಯಿ ಕಾರ್ಡ್ ಮಾಡಿಸಲು ಬಂದಿದ್ದಳು. ಬಸುರಾಗಿ ಎರಡೂವರೆ ತಿಂಗಳಾಗಿತ್ತು. ರಕ್ತ ನೋಡಬೇಕು, ಬೆರಳು ಕೊಡು ಅಂದೆ. ಕೊಟ್ಟ ಬೆರಳನ್ನು ಎಂದಿನಂತೆ ಒತ್ತಿ ಹಿಡಿದೆ.

"ಅಯ್ಯಯ್ಯೋ, ಅಕ್ಕಾರ!" ಎಂದು ಕೈ ಕಿತ್ತುಕೊಂಡಳು. ನಾನಿನ್ನೂ ಸೂಜಿ ಚುಚ್ಚಿರಲಿಲ್ಲ.

ಎರಡೂ ಕೈಗಳ ಬೆರಳ ಬುಡದ ಗೆಣ್ಣುಗಳು ಉಬ್ಬಿ ಬಿಸಿಯಾಗಿದ್ದವು. ಮಣಿಕಟ್ಟು ಬಾತಿತ್ತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲದಿಂದ ದಾವಣಗೆರೆಯ ಕೀಲು ಡಾಕ್ಟರೊಬ್ಬರ ಚೀಟಿಗಳನ್ನು ತೆಗೆದುಕೊಟ್ಟಳು. ರುಮಟಾಯ್ಡ್ ಕೀಲುವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ರೋಗ ಇದು. ಮದುವೆಯಾದ ವರ್ಷವೇ ಶುರುವಾಗಿ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಗುಳಿಗೆಯಿಂದ ಹಿಡಿತಕ್ಕೆ ಬಂದಿತ್ತು. ಆ ಗುಳಿಗೆ ಹೊಟ್ಟೆಯಲ್ಲಿನ ಕೂಸನ್ನು ಕೆಡಿಸುತ್ತದೆ, ಮಕ್ಕಳು ಬೇಕೆನ್ನುವವರು ತಿಂಗಳುಗಳ ಮೊದಲೇ ಬಿಡಬೇಕು. ಡಾಕ್ಟರು ಹೇಳಿದಂತೆ ಬಿಟ್ಟಿದ್ದಳು. ಬದಲಿಗೆ ಬರೆದಿದ್ದ, ಬಸುರಿಗೂ ನಡೆಯುವ ಸೌಮ್ಯವಾದ ಗುಳಿಗೆಗಳನ್ನು ಮನೆಯವರು ತರಿಸಿರಲಿಲ್ಲ. ಬಸುರಿ ಹೆಂಗಸಿಗೆ ಯಾವ ಗುಳಿಗೆಯೂ ಬೇಡ ಎಂದು ಅತ್ತೆ ತೀರ್ಮಾನಿಸಿದ್ದರು.

ನನ್ನ ಉಪಕೇಂದ್ರ ಇರುವುದು ಹಡಗಲಿ ತಾಲ್ಲೂಕಿನಲ್ಲಿ, ಇಟ್ಟಿಗಿ ಕಡೆಯ ಒಂದು ಊರಲ್ಲಿ. ಮಲ್ಲಿಗೆ ಬೆಳೆಯುವ ಊರು. ಬಿಸಿಲು ಏರುವುದರೊಳಗೆ ಮೊಗ್ಗು ಬಿಡಿಸಿ ಮುಗಿಸಬೇಕು, ಏರಿತೋ ಮೊಗ್ಗು ಬಾಯಿ ಬಿಡುತ್ತದೆ. ಬಗ್ಗಿದ ಗಿಡದಿಂದ ಒಂದೊಂದೇ ಮೊಗ್ಗನ್ನು ಎರಡು ಬೆರಳ ತುದಿಯಲ್ಲಿ ಕೀಳುವ ಕೆಲಸ. ಈ ರೋಗದಲ್ಲಿ ಬೆರಳುಗಳು ಅತಿ ಹೆಚ್ಚು ಬಿಗಿದುಕೊಂಡಿರುವುದು ಸರಿಯಾಗಿ ಅದೇ ಹೊತ್ತಿಗೆ. ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುತ್ತದೆ, ಹೊತ್ತು ಏರಿದಂತೆ ಸಡಿಲುತ್ತದೆ. ಮೊದಲ ಸಲ ಅವರ ಮನೆಗೆ ಹೋದಾಗ ಅತ್ತೆ ಅಂಗಳದಲ್ಲಿ ಮೊಗ್ಗಿನ ರಾಶಿಯ ಮುಂದೆ ಕೂತು ನನಗೆ ಹೇಳಿದ್ದು ಇದನ್ನೇ.

"ಮೊಗ್ಗಿ ಬಿಡಸಾಕ ಬಾ ಅಂದ್ರ ಕೈ ಏಳಂಗಿಲ್ರಿ ನಮ್ಮ ಸೊಸೀಗಿ. ಹತ್ತ್ ಗಂಟಿಗೆ ಉಣ್ಣಾಕ ಮಾತ್ರ ಚಲೋ ಏಳ್ತಾವ."

ಹುಡುಗಿ ಅಲ್ಲೇ ಒಲೆಯ ಮುಂದೆ ಕೂತಿದ್ದಳು. ಕೆಂಡದ ಕಾವಿಗೆ ಕೈ ಹಿಡಿದಿದ್ದಳು. ತಲೆ ಎತ್ತಲಿಲ್ಲ.

ದಾವಣಗೆರೆಯ ಡಾಕ್ಟರಿಗೆ ಫೋನ್ ಮಾಡಿದೆ. ಆ ಸೌಮ್ಯ ಗುಳಿಗೆಗಳನ್ನು ಶುರು ಮಾಡಿಸಿ ಅಂದರು, ಕೈಯ ಬಲ ಅಳೆಯುವ ಒಂದು ಉಪಾಯವನ್ನೂ ಹೇಳಿಕೊಟ್ಟರು. ಬಿ.ಪಿ. ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, ಪಾದರಸ ಇಪ್ಪತ್ತಕ್ಕೆ ಬರುವಷ್ಟು ಗಾಳಿ ತುಂಬಿ, ಅಂಗೈಯಲ್ಲಿಟ್ಟು ಹಿಸುಕಲು ಹೇಳಬೇಕು. ಪಾದರಸ ಎಷ್ಟರವರೆಗೆ ಏರುತ್ತದೋ ಅಷ್ಟು ಬಲ. ಮೂರನೇ ತಿಂಗಳಲ್ಲಿ ಆಕೆಯ ಬಲಗೈ ಎಪ್ಪತ್ತಕ್ಕೆ ನಿಂತಿತು. ನಾಲ್ಕಕ್ಕೆ ನೂರಹತ್ತು. ಐದನೇ ತಿಂಗಳಿಗೆ ಬಂದವಳು ಮೆಟ್ಟಿಲನ್ನು ನೇರವಾಗಿ ಹತ್ತಿ ಬಂದು, ನಾನು ಕೇಳುವ ಮೊದಲೇ ಪಟ್ಟಿ ಎತ್ತಿಕೊಂಡು ಹಿಸುಕಿದಳು. ಇನ್ನೂರು ದಾಟಿತು.

"ಎಲ್ಲೆದ್ದು ಹೋತ್ರಿ ಅಕ್ಕಾರ ಈ ಬ್ಯಾನಿ?" ಎಂದು ನಕ್ಕಳು. ನಗುವಾಗ ಹಲ್ಲು ಕಾಣದಂತೆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಅವಳದ್ದು. ಆ ದಿನ ಮುಚ್ಚಿಕೊಳ್ಳಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಹೆರಿಗೆ ಡಾಕ್ಟರಮ್ಮನಿಗೆ ಹೇಳಿದೆ. ಮೈಸೂರು ಕಡೆಯವರು. "ತುಂಬಾ ಜನಕ್ಕೆ ಬಸುರಿನಲ್ಲಿ ಇದು ತಣ್ಣಗಾಗುತ್ತೆ ಸಿಸ್ಟರ್, ಎಲ್ಲರಿಗೂ ಅಲ್ಲ. ಒಂದು ಸಲ ಆದವರಿಗೆ ಇನ್ನೊಂದು ಸಲ ಆಗುತ್ತೆ ಅಂತಲೂ ಇಲ್ಲ. ಹೆತ್ತ ಮೇಲೆ ಎರಡು ಮೂರು ತಿಂಗಳಲ್ಲಿ ತಿರುಗಿ ಬರುತ್ತೆ, ಕೆಲವರಿಗೆ ಮೊದಲಿಗಿಂತ ಜೋರಾಗಿ. ಮನೆಯವರಿಗೆ ಈಗಲೇ ಹೇಳಿಡಿ," ಅಂದರು.

ಮರುವಾರ ಆ ಮನೆಗೆ ಹೋದೆ. ಅಂಗಳದಲ್ಲಿ ಓಣಿಯ ಏಳೆಂಟು ಹೆಂಗಸರು ಹೂವು ಕಟ್ಟುತ್ತಿದ್ದರು. ಅವರ ನಡುವೆ ಈಕೆಯೂ ಕೂತು ಮೊಳ ಹಾಕುತ್ತಿದ್ದಳು. ಎಲ್ಲರಿಗಿಂತ ಚುರುಕಾಗಿ. ಅತ್ತೆ ನನಗೆ ಚಹ ಕೊಟ್ಟು, "ಏನ್ ಮಾಡಿದ್ರಿ ನರ್ಸಮ್ಮಾರ ನೀವು? ಉಚ್ಚಂಗೆಮ್ಮಗ ಹರಕಿ ಹೊತ್ತಿದ್ದೆ, ಆಕಿ ಮಾಡಿದ್ಲೋ ನೀವು ಮಾಡಿದ್ರೋ," ಅಂದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಳ್ಳೆಯ ಸುದ್ದಿ ಹೇಳುವ ಅವಕಾಶ ನಮ್ಮ ಕೆಲಸದಲ್ಲಿ ಸಿಗುವುದು ಕಡಿಮೆ.

"ನಾನೇನ್ ಮಾಡಿಲ್ಲ ಬಿಡ್ರಿ. ನಿಮ್ಮ ಸೊಸೀಗಿ ಬಸುರೇ ಮದ್ದಾಗೈತಿ ನೋಡ್ರಿ," ಅಂದೆ.

ಡಾಕ್ಟರಮ್ಮ ಹೇಳಿದ ಉಳಿದ ಮಾತು ಬಾಯಿಗೆ ಬಂದಿತ್ತು. ನಗುತ್ತಿದ್ದ ಹೆಂಗಸರ ನಡುವೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡು ಚಹ ಕುಡಿದೆ. ಎಂಟನೇ ತಿಂಗಳಲ್ಲಿ ಆಕೆಗೊಬ್ಬಳಿಗೇ ಹೇಳಿದೆ. "ಹಡದ ಮ್ಯಾಲೆ ಒಂದ್ ಸ್ವಲ್ಪ ತಿರುಗಿ ಬಂದ್ರೂ ಬರಬಹುದು ತಂಗಿ." ಈ "ಒಂದ್ ಸ್ವಲ್ಪ" ಡಾಕ್ಟರಮ್ಮ ಹೇಳಿದ್ದಲ್ಲ. ನಾನು ಸೇರಿಸಿದ್ದು.

ಹೆರಿಗೆ ಹಡಗಲಿಯಲ್ಲಿ ಸರಾಗವಾಗಿ ಆಯಿತು. ಹೆಣ್ಣು ಕೂಸು. ಆಕೆಯ ತವರು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ತಾಯಿ ತೀರಿಹೋಗಿದ್ದರಿಂದ ಬಾಣಂತನವೂ ಗಂಡನ ಮನೆಯಲ್ಲೇ. ಎರಡು ಮಕ್ಕಳ ನಡುವೆ ಅಂತರ ಬೇಕೆಂದು ಕಾಪರ್-ಟಿ ಬಗ್ಗೆ, ಮೂರು ತಿಂಗಳ ಇಂಜೆಕ್ಷನ್ ಬಗ್ಗೆ ಹೇಳಿದೆ. ಅತ್ತೆ, "ಒಂದು ಗಂಡಾಗೂತನಾ ಅದರ ಮಾತ ಬ್ಯಾಡ್ರಿ," ಅಂದರು. ಹುಡುಗಿಯೂ ಬೇಡವೆಂದು ತಲೆಯಾಡಿಸಿದಳು. ಅತ್ತೆಗೆ ಹೆದರಿದ್ದಾಳೆ ಅಂದುಕೊಂಡೆ.

ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಆಶಾ ಕಾರ್ಯಕರ್ತೆ ಹೋಗಿ ಬಂದು ಎಲ್ಲ ಸರಿ ಎಂದು ಬರೆದಳು. ನಲವತ್ತೆರಡನೇ ದಿನದ ಭೇಟಿಗೆ ನಾನೇ ಹೋದೆ. ಬಾಣಂತಿ ಕೋಣೆಯಲ್ಲಿ ಹೊಗೆ ತುಂಬಿತ್ತು. ಅತ್ತೆ ಸೊಸೆಯ ಎರಡೂ ಕೈಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಬಿಸಿ ಎಣ್ಣೆ ಹಚ್ಚಿ, ಒಂದೊಂದೇ ಬೆರಳನ್ನು ಎಳೆದು ನೆಟಿಗೆ ತೆಗೆಯುತ್ತಿದ್ದರು. ಹುಡುಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದ್ದಳು.

"ಬಿಡ್ರಿ ಅವ್ವಾರ, ಬಿಡ್ರಿ!" ಎಂದು ಕೂಗಿದೆ.

"ಬಾಣಂತಿ ವಾಯಿ ಹಿಡದೈತಿ. ಹಿಂಗ ಬಿಟ್ರ ಕೈ ಕಲ್ಲಾಗ್ತಾವ," ಅಂದರು ಅತ್ತೆ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಮೂವತ್ತು ವರ್ಷ ಮೊಗ್ಗು ಬಿಡಿಸಿದ ಗಟ್ಟಿ ಕೈಗಳು. ಕೆಟ್ಟದ್ದು ಮಾಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ.

ನೋವು ತಿರುಗಿ ಬಂದು ಎಂಟು ದಿನವಾಗಿತ್ತು. ಬೆರಳು, ಮಣಿಕಟ್ಟು, ಮೊಣಕೈ, ಭುಜ, ಕಾಲ್ಬೆರಳು. ಕೂಸಿನ ತಲೆಗೆ ಕೈಯಾನಿಸಿ ಎದೆಗೆ ಹಿಡಿಯಲು ಆಗುತ್ತಿರಲಿಲ್ಲ. ಕುಪ್ಪಸದ ಹುಕ್ಕು ತೆಗೆಯಲು ಆಗುತ್ತಿರಲಿಲ್ಲ. ಹಿಂದಿನ ದಿನ ಮಣಿಕಟ್ಟು ಕೈಕೊಟ್ಟು ಕೂಸು ತೊಡೆಯ ಮೇಲಿಂದ ಚಾಪೆಗೆ ಜಾರಿತ್ತು. ಏಟಾಗಿರಲಿಲ್ಲ. ಆದರೆ ಹೆಣ್ಣು ಕೂಸೆಂದು ತಾಯಿಯೇ ಕೆಡವಿದಳು ಎಂಬ ಮಾತು ಓಣಿಯಲ್ಲಿ ಆಗಲೇ ಹಬ್ಬಿತ್ತು. ಬಿ.ಪಿ. ಪಟ್ಟಿ ಕೊಟ್ಟು ಹಿಸುಕು ಅಂದೆ. ನಲವತ್ತು.

ಮಗ್ಗುಲಲ್ಲಿ ಮಲಗಿಕೊಂಡೇ ಹಾಲು ಕುಡಿಸುವುದನ್ನು ಕಲಿಸಿದೆ. ಹುಕ್ಕು ಕಿತ್ತು, ಎಳೆದರೆ ಬಿಚ್ಚಿಕೊಳ್ಳುವ ಟೇಪು ಹೊಲಿಸಿದೆ. ಗಂಡ ಒಳ್ಳೆಯವನು, ಮೋಟಾರ್ ಸೈಕಲ್ಲಿನಲ್ಲಿ ಹೂವು ಒಯ್ದು ಹಡಗಲಿಗೆ ಹಾಕಿ ಬರುತ್ತಿದ್ದ. ದಿನಾ ಹೆಂಡತಿಯ ತಲೆ ಬಾಚಿ ಜಡೆ ಹೆಣೆಯುತ್ತಿದ್ದ. ಅದಕ್ಕೆ ಅವನ ತಾಯಿ, "ಹೆಣಿಯಾಕ ಕಲಿತೀಯಲ್ಲ, ಇನ್ನು ಹಡಿಯಾಕೂ ಕಲಿ ನೀನಾ," ಎಂದು ಅಂಗಳದಲ್ಲಿ ಎಲ್ಲರೆದುರು ಹಂಗಿಸಿದ್ದರು. ಆಮೇಲೆ ಬಾಗಿಲು ಹಾಕಿಕೊಂಡು ಬಾಚುತ್ತಿದ್ದ.

ಅವನೇ ಬಸ್ಸಿನಲ್ಲಿ ದಾವಣಗೆರೆಗೆ ಕರೆದೊಯ್ದ. ನಾನೂ ರಜೆ ಹಾಕಿ ಜೊತೆಗೆ ಹೋದೆ. ಕೂಸಿಗೆ ಎರಡು ತಿಂಗಳು ಕಳೆದಿತ್ತು. ಕೀಲು ಡಾಕ್ಟರು ಎರಡೂ ಕೈಗಳ ಎಕ್ಸ್‌ರೇ ತೆಗೆಸಿದರು. ಮೂಳೆಗಳ ನಡುವಿನ ಸಂದು ಇನ್ನೂ ಚೆನ್ನಾಗಿದೆ, ಹೆದರಬೇಡಿ ಅಂದರು. ಹಾಲುಣಿಸುವವರಿಗೂ ನಡೆಯುವ ಎರಡು ಬಗೆಯ ಗುಳಿಗೆ, ಜೊತೆಗೆ ಕಡಿಮೆ ಪ್ರಮಾಣದ ಸ್ಟಿರಾಯ್ಡ್ ಬರೆದರು. "ಇವು ಕೆಲಸ ಮಾಡಲು ಆರೆಂಟು ವಾರ ಬೇಕು. ಮಾಡದಿದ್ದರೆ ಮತ್ತೆ ಮೆಥೊಟ್ರೆಕ್ಸೇಟ್ ಕೊಡಬೇಕಾಗುತ್ತೆ. ಅದು ಹಾಲಿನಲ್ಲಿ ಹೋಗುತ್ತೆ, ಹಾಗಾಗಿ ಹಾಲು ಬಿಡಿಸಬೇಕು. ಬಸುರಾಗದಂತೆಯೂ ನೋಡಿಕೊಳ್ಳಬೇಕು," ಅಂದರು.

ಎಂಟು ವಾರ ಕಾದೆವು. ಸ್ಟಿರಾಯ್ಡಿನಿಂದ ಮುಖ ಊದಿತು. ಹದಿನೈದು ದಿನ ಸ್ವಲ್ಪ ಹಗುರವೆನಿಸಿತು, ಮತ್ತೆ ಬಿಗಿಯಿತು. ಕೈಯ ಬಲ ಐವತ್ತು ದಾಟಲಿಲ್ಲ. ಎರಡನೇ ಸಲ ಹೋದಾಗ ಡಾಕ್ಟರು ಹೆಚ್ಚು ಮಾತಾಡದೆ ವಾರದ ಗುಳಿಗೆ ಬರೆದರು. "ಹಾಲು ನಿಲ್ಲಿಸಿ, ಮೂರು ತಿಂಗಳ ಇಂಜೆಕ್ಷನ್ ತಗೊಂಡು, ಈ ಭಾನುವಾರದಿಂದಲೇ ಶುರು ಮಾಡಿ. ಈಗ ಕಳೆಯೋ ಪ್ರತಿ ತಿಂಗಳೂ ಕೀಲಿಗೆ ಬೀಳುತ್ತೆ."

ವಾಪಸು ಬರುವಾಗ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಗಂಡ ಕೂಸನ್ನು ಎತ್ತಿಕೊಂಡು ಓಡಾಡುತ್ತಿದ್ದ. ನಾಲ್ಕು ತಿಂಗಳ ಕೂಸು. ನನ್ನ ಚೀಲದಲ್ಲಿ ಅದರ ತೂಕದ ಪಟ್ಟಿ ಇತ್ತು. ತೂಕದ ಗೆರೆ ಹಸಿರು ಬಿಟ್ಟು ಹಳದಿಗೆ ಇಳಿದು ಒಂದು ತಿಂಗಳಾಗಿತ್ತು.

"ಏನ್ ಮಾಡ್ಲಿ ಅಕ್ಕಾರ? ನೀವ್ ಹೆಂಗ ಅಂತೀರಿ ಹಂಗ," ಅಂದಳು ಹುಡುಗಿ.

ಈ ಪ್ರಶ್ನೆಗೆ ನಾನು ಉತ್ತರ ಕೊಡಬಾರದಿತ್ತು ಎಂದು ಈಗ ಅನ್ನಿಸುವುದಿಲ್ಲ. ಕೊಡಲೇಬೇಕಿತ್ತು, ಬೇರೆ ಯಾರೂ ಇರಲಿಲ್ಲ. ಆದರೆ ಕೊಟ್ಟ ಉತ್ತರ ತಪ್ಪಾಗಿತ್ತು. ಆರು ತಿಂಗಳು ತಾಯಿಯ ಹಾಲು ಮಾತ್ರ, ನೀರೂ ಬೇಡ ಎಂದು ಹದಿನಾರು ವರ್ಷ ಮನೆಮನೆಗೆ ಹೇಳಿಕೊಂಡು ಬಂದವಳು ನಾನು. ಹಿಂದಿನ ಬೇಸಿಗೆಯಲ್ಲಿ ಅದೇ ಊರಿನ ಕೆಳಗೇರಿಯಲ್ಲಿ ಬಾಟಲಿ ಹಾಲು ಕುಡಿಯುತ್ತಿದ್ದ ಮೂರು ತಿಂಗಳ ಕೂಸು ಭೇದಿಯಾಗಿ ನನ್ನ ತೊಡೆಯ ಮೇಲೆ, ಆಂಬ್ಯುಲೆನ್ಸಿನಲ್ಲಿ, ಹಡಗಲಿ ಮುಟ್ಟುವ ಮೊದಲೇ ಹೋಗಿತ್ತು. ಅದರ ಕಣ್ಣು ಒಳಗಿಳಿದಿದ್ದು ನೆನಪಾಯಿತು. ಈ ಮನೆಯಲ್ಲಿ ಬಾಟಲಿ ಕುದಿಸುವವರು ಯಾರು? ಈಕೆಗೆ ಪಾತ್ರೆ ಎತ್ತಲೂ ಬರುವುದಿಲ್ಲ.

"ಕೂಸಿಗೆ ಆರ್ ತಿಂಗಳ ತುಂಬ್ಲಿ ತಂಗಿ. ಎಲ್ಡ್ ತಿಂಗಳ ತಡಕೊ. ಆಮ್ಯಾಲೆ ಗುಳಿಗಿ ಶುರು ಮಾಡಣ," ಅಂದೆ.

ಆಕೆ ಕೂಡಲೇ ಒಪ್ಪಿದಳು. ಮುಖದಲ್ಲಿ ಏನೋ ಬಿಡುಗಡೆಯಂಥದ್ದು ಕಂಡಿತು. ತಾಯಿಯ ಕರುಳು ಎಂದುಕೊಂಡೆ.

ಇಂಜೆಕ್ಷನ್ನನ್ನು ಹಾಲು ಬಿಡಿಸುವಾಗಲೇ ಕೊಟ್ಟರಾಯಿತು ಎಂದು ಅದನ್ನೂ ಮುಂದೂಡಿದೆ. ಆರು ತಿಂಗಳು ತುಂಬಿದಾಗ ಕೂಸಿಗೆ ಜ್ವರವಿತ್ತು, ಇನ್ನು ಹದಿನೈದು ದಿನ ಹಾಲಿರಲಿ ಅಂದಳು ಆಕೆಯೇ. ಆಮೇಲೆ ಹೂವಿನ ಸುಗ್ಗಿ ಬಂತು, ದಾವಣಗೆರೆಗೆ ಕರೆದೊಯ್ಯಲು ಗಂಡನಿಗೆ ಬಿಡುವಾಗಲಿಲ್ಲ. ಏಳು ತಿಂಗಳು ಮುಗಿಯಿತು. ಒಂದು ದಿನ ಗಂಡನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಉಪಕೇಂದ್ರಕ್ಕೆ ಬಂದಳು. ಗಂಡನನ್ನು ಹೊರಗೇ ನಿಲ್ಲಿಸಿ ಒಳಗೆ ಬಂದು, ತಗ್ಗಿದ ದನಿಯಲ್ಲಿ, "ಅಕ್ಕಾರ, ಆ ಗೆರಿ ಮೂಡೋ ಪಟ್ಟಿ ಕೊಡ್ರಿ," ಅಂದಳು.

ಎರಡು ಗೆರೆ ಮೂಡಿದವು. ಆಕೆ ಪಟ್ಟಿಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ನೋಡಿದಳು. ನಕ್ಕಳು.

"ಇನ್ನೇನ್ ಐದ್ ತಿಂಗಳ್ರಿ," ಅಂದಳು.

ಆಗ ನನಗೆ ಅರ್ಥವಾಯಿತು. ಹರಪನಹಳ್ಳಿಯಲ್ಲಿ ನಾನು ಕಂಡ ಬಿಡುಗಡೆ ಕೂಸಿನ ಹಾಲಿಗಾಗಿ ಬಂದದ್ದಲ್ಲ. ವಾರದ ಗುಳಿಗೆ ನುಂಗಿದರೆ ಬಸುರಾಗುವಂತಿಲ್ಲ. ಆಕೆಗೆ ಬಸುರೇ ಬೇಕಾಗಿತ್ತು. ಅತ್ತೆಗೆ ಗಂಡು ಕೂಸು ಬೇಕಾಗಿತ್ತು, ಅದು ಬೇರೆ ಮಾತು. ಈಕೆಗೆ ಬೇಕಾಗಿದ್ದದ್ದು ತನ್ನ ಕೈ.

"ಯಾರ್ ಹೇಳಿದ್ರು ನಿನಗ ಇದನ್ನ?"

"ನೀವಾ ಹೇಳಿದ್ರೆಲ್ಲ ಅಕ್ಕಾರ, ಅಂಗಳದಾಗ, ಎಲ್ಲಾರ ಮುಂದ. ಬಸುರೇ ಮದ್ದಂತ. ಆ ಐದ್ ತಿಂಗಳ ನನಗ ಕೈ ಇದ್ವು. ಮತ್ತೊಂದ್ ಸಲ ಬ್ಯಾಡೇನ್ರಿ?"

ಆ ದಿನ ನಾನು ಡಾಕ್ಟರಮ್ಮನ ಮಾತನ್ನು ಪೂರ್ತಿ ಹೇಳಿದೆ. ಎಲ್ಲರಿಗೂ ತಣ್ಣಗಾಗುವುದಿಲ್ಲ, ಒಂದು ಸಲ ಆದವರಿಗೆ ಇನ್ನೊಂದು ಸಲ ಆಗುತ್ತದೆಂಬ ಭರವಸೆಯೂ ಇಲ್ಲ, ಹೆತ್ತ ಮೇಲೆ ಮತ್ತೆ ಬಂದೇ ಬರುತ್ತದೆ. ಒಂದು ವರ್ಷ ತಡವಾಗಿ ಹೇಳಿದೆ. ಆಕೆ ಮುಗುಳ್ನಗುತ್ತಲೇ ಕೇಳಿದಳು. ಹಟ ಮಾಡುವ ಕೂಸಿನ ಮಾತು ಕೇಳುವವರು ನಗುವ ಹಾಗೆ. ಸಂಜೆ ಅವರ ಮನೆಗೆ ಹೋಗಿ ಅತ್ತೆಗೂ ಹೇಳಿದೆ.

"ಒಮ್ಮಿ ಹಂಗಂತೀರಿ, ಒಮ್ಮಿ ಹಿಂಗಂತೀರಿ. ಯಾವ್ದ ಖರೆ ಅನ್ಬೇಕ್ರಿ ನಾವು?" ಅಂದರು ಅವರು.

ಬಸುರು ನಿಂತಿತೆಂದು ಆಕೆ ಸೌಮ್ಯ ಗುಳಿಗೆಗಳನ್ನೂ ತಾನಾಗಿಯೇ ಬಿಟ್ಟಳು. ಮೂರನೇ ತಿಂಗಳಲ್ಲಿ ಕೈಯ ಬಲ ನಲವತ್ತೈದು. "ಇನ್ನೂ ಮೂರ್ ಅಲ್ರಿ," ಅಂದಳು. ನಾಲ್ಕರಲ್ಲಿ ನಲವತ್ತು. "ಹೋದ ಸಲ ಐದಕ್ಕ ಬಿಟ್ಟಿತ್ರಿ," ಅಂದಳು. ಐದನೇ ತಿಂಗಳಲ್ಲಿ ಆಕೆ ಬರಲಿಲ್ಲ, ನಾನೇ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಮೊಣಕಾಲಲ್ಲೂ ನೀರು ತುಂಬಿತ್ತು. ಮಗಳು ಅಂಬೆಗಾಲಿಟ್ಟು ಬಂದು ತೊಡೆ ಏರಲು ನೋಡಿದರೆ ಮೊಣಕೈಯಿಂದ ಆಚೆ ದೂಡುತ್ತಿದ್ದಳು. ಕೂಸು ಅದನ್ನು ಆಟವೆಂದುಕೊಂಡು ನಕ್ಕು ಮತ್ತೆ ಮತ್ತೆ ಬರುತ್ತಿತ್ತು.

ಪಟ್ಟಿ ಸುತ್ತಿ ಗಾಳಿ ತುಂಬಿ ಕೊಟ್ಟೆ. ಆಕೆ ಅದನ್ನು ನೋಡಿದಳು, ಕೈ ಚಾಚಲಿಲ್ಲ.

"ಐದ್ ತುಂಬಿ ಮ್ಯಾಲೆ ಒಂದ್ ವಾರಾತ್ರಿ," ಅಂದಳು.

ಪಟ್ಟಿಯ ಗಾಳಿ ಬಿಟ್ಟು ಮಡಚಿಟ್ಟೆ. ಆಮೇಲೆ ಆಕೆ ಕೇಳಿದಳು. "ಅಕ್ಕಾರ, ನಿಮ್ಮ ಮಗಗ ನೀವು ಎಷ್ಟ್ ತಿಂಗಳ ಹಾಲ್ ಕೊಟ್ರಿ?"

ಸುಳ್ಳು ಹೇಳಬಹುದಿತ್ತು. ಆರು ಎನ್ನುವ ಪದ ನಾಲಿಗೆಯ ತುದಿಯಲ್ಲಿ ಹದಿನಾರು ವರ್ಷದಿಂದ ಕೂತಿದೆ.

"ಮೂರೂವರಿ. ಡ್ಯೂಟಿಗೆ ಹಾಜರಾಗಬೇಕಿತ್ತು. ಕೂಡ್ಲಿಗಿ ಆಚೆ ಹೊಸಹಳ್ಳಿ ಕಡೆ ಹಾಕಿದ್ರು. ಕೂಸನ್ನ ನಮ್ಮ ಅವ್ವನ ಹತ್ರ ಬಿಟ್ಟಿದ್ದೆ."

"ಚಲೋ ಅದಾನೇನ್ರಿ ಈಗ?"

"ಅದಾನ. ಹೈಸ್ಕೂಲಿಗೆ ಹೊಕ್ಕಾನ."

ಆಕೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೌಮ್ಯ ಗುಳಿಗೆಗಳನ್ನು ಮತ್ತೆ ಶುರು ಮಾಡಿಸಿದೆ. ಹೆರಿಗೆಯವರೆಗೆ ಹೇಗೋ ಸಾಗಿತು. ಎಂಟನೇ ತಿಂಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮನಿಗೆ ಆಕೆಯೇ ಹೇಳಿದಳು. "ಹಡದ ಕೂಡ್ಲೆ ಕಾಪರ್-ಟಿ ಹಾಕಿಬಿಡ್ರಿ." ಒಪ್ಪಿಗೆ ಪತ್ರಕ್ಕೆ ಸಹಿ ಮಾಡಲು ಪೆನ್ನನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಗೆ ನಾನು ಸಿಕ್ಕಿಸಿಕೊಟ್ಟೆ. ಭುಜದಿಂದ ಕೈ ಆಡಿಸಿ ಹೆಸರು ಬರೆದಳು.

ಗಂಡು ಕೂಸು ಹುಟ್ಟಿತು. ಅತ್ತೆ ಆಸ್ಪತ್ರೆಯಲ್ಲೆಲ್ಲ ಸಕ್ಕರೆ ಹಂಚಿದರು. ಕಾಪರ್-ಟಿ ಹಾಕಿದ್ದು ತಿಳಿದಾಗ, "ಹೋಗ್ಲಿ ಬಿಡ್ರಿ, ನಮ್ಮ ಕೆಲಸ ಮುಗೀತಲ್ಲ," ಅಂದರು. ಸೊಸೆಯ ಮಂಚದ ಪಕ್ಕದಲ್ಲೇ ನಿಂತು ಅಂದರು.

ಇಪ್ಪತ್ತನೇ ದಿನವೇ ಆಕೆ ದಾವಣಗೆರೆಗೆ ಹೋಗೋಣವೆಂದು ಹಟ ಹಿಡಿದಳು. ಕೀಲು ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕಕ್ಕೆ ದೀಪದ ಪೆಟ್ಟಿಗೆಯ ಮೇಲೆ ಸಿಕ್ಕಿಸಿದರು. ಹಳೆಯದರಲ್ಲಿ ಬಲ ಮಣಿಕಟ್ಟಿನ ಚಿಕ್ಕ ಮೂಳೆಗಳ ನಡುವೆ ಕಪ್ಪು ಗೆರೆಗಳು ಬಿಡಿಬಿಡಿಯಾಗಿದ್ದವು. ಹೊಸದರಲ್ಲಿ ಗೆರೆಗಳೇ ಇರಲಿಲ್ಲ. ಮೂಳೆಗಳೆಲ್ಲ ಒಂದೇ ಬಿಳಿ ಮುದ್ದೆಯಂತೆ ಅಂಟಿಕೊಂಡಿದ್ದವು. ಬೆರಳ ಗೆಣ್ಣುಗಳ ಅಂಚನ್ನು ಇಲಿ ಕಡಿದಂತಿತ್ತು.

"ನಾನು ಬರೆದುಕೊಟ್ಟು ವರ್ಷವಾಗುತ್ತಾ ಬಂತು. ಯಾಕೆ ಶುರು ಮಾಡಲಿಲ್ಲ?" ಎಂದು ಕೇಳಿದರು.

ಗಂಡ ನನ್ನ ಕಡೆ ನೋಡಿದ. ನಾನು ಬಾಯಿ ತೆರೆದೆ. ಹುಡುಗಿಯೇ ಮೊದಲು ಮಾತಾಡಿದಳು.

"ಈಗ ಬರೀರಿ ಸರ್. ನಾಳಿಂದ್ಲೇ ಹಾಲ್ ಬಿಡಸ್ತೀನಿ."

ಡಾಕ್ಟರು ಕೂಸನ್ನು ನೋಡಿ, ಆಮೇಲೆ ಅಭ್ಯಾಸಬಲದಿಂದ ನರ್ಸಾದ ನನ್ನನ್ನು ನೋಡಿದರು.

"ಅವ್ರನ್ನ ಏನ್ ನೋಡ್ತೀರಿ ಸರ್? ಕೂಸು ನಂದು, ಕೈ ನಂದು," ಅಂದಳು.

ಹಾಲು ನಿಲ್ಲಲು ಎರಡು ಗುಳಿಗೆ ಕೊಟ್ಟು, ವಾರದ ಗುಳಿಗೆಯನ್ನು ಬರುವ ಭಾನುವಾರದಿಂದ ಶುರು ಮಾಡಲು ಬರೆದರು. ಬಾಟಲಿ ಬೇಡ, ಚಮಚದಲ್ಲಿ ಕುಡಿಸಿ ಎಂದು ನಾನು ಆಶಾಳಿಗೂ ಅತ್ತೆಗೂ ಕಲಿಸಿದೆ. ಪುಡಿ ಹಾಲನ್ನು ಎಷ್ಟು ನೀರಿಗೆ ಕಲಸಬೇಕು, ನೀರನ್ನು ಎಷ್ಟು ಹೊತ್ತು ಕುದಿಸಬೇಕು ಎಂದು ಎಲ್ಲವನ್ನೂ ಮಾಡಿ ತೋರಿಸಿದೆ. ನನ್ನ ರಿಜಿಸ್ಟರಿನಲ್ಲಿ "ತಾಯಿ ಹಾಲು ಮಾತ್ರ" ಎಂಬ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದೆ. ಮೇಲಧಿಕಾರಿಗಳು ಮೀಟಿಂಗಿನಲ್ಲಿ ಅದಕ್ಕೆ ಕಾರಣ ಕೇಳಿದರು, ಹೇಳಿದೆ.

ಆಮೇಲಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಾರದ ಗುಳಿಗೆ ಕೆಲಸ ಮಾಡಿತು. ಮೂರು ತಿಂಗಳಿಗೆ ಬಾವು ಇಳಿಯಿತು, ಎಡಗೈ ಹೆಚ್ಚುಕಡಿಮೆ ಮರಳಿತು. ಬಲ ಮಣಿಕಟ್ಟು ಮರಳಲಿಲ್ಲ, ಮರಳುವುದೂ ಇಲ್ಲ. ಹುಡುಗನಿಗೆ ಎರಡು ಸಲ ಭೇದಿಯಾಗಿ ಒಂದು ಸಲ ಹಡಗಲಿಯಲ್ಲಿ ಡ್ರಿಪ್ ಹಾಕಿಸಿದೆವು, ಉಳಿದ. ಆದರೆ ಆ ಮನೆಯ ಬಗ್ಗೆ ಯೋಚಿಸಿದಾಗ ಇದ್ಯಾವುದೂ ಮುಂದೆ ಬರುವುದಿಲ್ಲ. ಗುಳಿಗೆ ಶುರುವಾಗುವ ಹಿಂದಿನ ದಿನದ ಮಧ್ಯಾಹ್ನ ಬರುತ್ತದೆ.

ಆಶಾ ಫೋನ್ ಮಾಡಿದ್ದಳು. ಹಾಲು ನಿಲ್ಲುವ ಗುಳಿಗೆ ಪೂರ್ತಿ ಕೆಲಸ ಮಾಡಿರಲಿಲ್ಲ. ಎರಡೂ ಎದೆ ಕಟ್ಟಿ ಕಲ್ಲಾಗಿದ್ದವು, ಜ್ವರ ಬಂದಿತ್ತು. ಸ್ವಲ್ಪ ಹಿಂಡಿ ತೆಗೆಯಬೇಕು, ಆಕೆಯ ಕೈಗೆ ಅದು ಆಗದ ಕೆಲಸ. ಅತ್ತೆಯನ್ನು ಕೇಳಿದರೆ ಒಪ್ಪಿರಲಿಲ್ಲ. ನಾನು ಹೋದಾಗ ಅವರು ಪಡಸಾಲೆಯಲ್ಲಿ ಕೂಸಿಗೆ ಚಮಚದಲ್ಲಿ ಕುಡಿಸಲು ಹೆಣಗುತ್ತಿದ್ದರು.

"ಕೂಸಿನ ಬಾಯಾಗಿಂದು ಕಿತ್ತು ಮೋರಿಗೆ ಚೆಲ್ಲೋದು ನನ್ನ ಕೈಲಿ ಆಗಂಗಿಲ್ಲ. ನೀವಾ ಶುರು ಮಾಡಿದ್ದು, ನೀವಾ ಮಾಡ್ರಿ," ಅಂದರು.

ಕೋಣೆಯಲ್ಲಿ ಆಕೆ ಗೋಡೆಗೆ ಒರಗಿ ಕೂತಿದ್ದಳು. ಬಿಸಿ ನೀರಿನಲ್ಲಿ ಬಟ್ಟೆ ಅದ್ದಿ ಎದೆಯ ಮೇಲೆ ಇಟ್ಟೆ. ಸ್ಟೀಲಿನ ಲೋಟ ಹಿಡಿದು, ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಹಿಂದಕ್ಕೆ ಒತ್ತಿ ಮುಂದಕ್ಕೆ. ಮೊದಲು ಹನಿ ಹನಿ ಬಂತು. ಪಡಸಾಲೆಯಲ್ಲಿ ಕೂಸು ಚಮಚವನ್ನು ಉಗಿದು ಕಿರುಚಿತು. ಕಿರುಚಿದ್ದೇ ತಡ, ನಾನು ಒತ್ತದಿದ್ದರೂ ಹಾಲು ಐದಾರು ಎಳೆಯಾಗಿ ಚಿಮ್ಮಿ ನನ್ನ ಮುಂಗೈಗೆ, ಸೀರೆಗೆ ಬಡಿಯಿತು. ಕೂಸಿನ ಅಳು ಕೇಳಿದರೆ ತಾಯಿಯ ಮೈ ಹಾಗೆಯೇ ಮಾಡುತ್ತದೆ ಎಂದು ತರಬೇತಿಯಲ್ಲಿ ಓದಿದ್ದೆ. ಅದು ಅತ್ತಾಗಲೆಲ್ಲ ಚಿಮ್ಮಿತು. ಸುಮ್ಮನಾದಾಗ ನಿಂತಿತು.

ಆಕೆ ಅಳಲಿಲ್ಲ. ಲೋಟವನ್ನೇ ನೋಡುತ್ತಿದ್ದಳು.

"ಪೂರ್ತಿ ತಗೀರಿ," ಅಂದಳು.

"ಪೂರ್ತಿ ತಗದ್ರ ಮತ್ತ ತುಂಬ್ತೈತಿ. ಸ್ವಲ್ಪ ಒಳಗ ಬಿಡಬೇಕು. ನೋಯ್ತೈತಿ. ನೋಯ್ತಾ ಇದ್ರನಾ ಅದು ನಿಲ್ಲೋದು."

"ಎಷ್ಟ್ ದಿನಾ?"

"ಒಂದ್ ವಾರ. ಹತ್ತ್ ದಿನ." ಈ ಸಲ ಕಡಿಮೆ ಮಾಡಿ ಹೇಳಲಿಲ್ಲ. "ಹದಿನೈದೂ ಆಗಬಹುದು."

ಲೋಟ ಅರ್ಧ ತುಂಬಿತ್ತು. ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋಗಬೇಕಾದರೆ ಪಡಸಾಲೆಯನ್ನು ದಾಟಬೇಕು. ದಾಟಿದೆ. ಅತ್ತೆ ಕೂಸಿನ ಮುಖದ ಮೇಲೆ ಸೆರಗು ಎಳೆದರು. ಮೋರಿಯ ಕಲ್ಲಿನ ಮೇಲೆ ಸುರಿದು ಮೇಲೊಂದು ಚೊಂಬು ನೀರು ಹಾಕಿ, ಲೋಟ ತೊಳೆದು ವಾಪಸು ಬಂದೆ. ಅಷ್ಟರಲ್ಲಿ ಆಕೆ ಕುಪ್ಪಸದ ಇನ್ನೊಂದು ಬದಿಯ ಟೇಪನ್ನು ಹಲ್ಲಿನಿಂದ ಎಳೆದು ಬಿಚ್ಚಿಕೊಂಡಿದ್ದಳು.

"ಈ ಕಡೀದು," ಅಂದಳು.

ಕೂತು ಲೋಟ ಹಿಡಿದೆ. ಹೊರಗೆ ಕೂಸು ಮತ್ತೆ ಶುರು ಮಾಡಿತು.